ತಿದ್ದಿದ ಧಾಟಿಯೂ ಕೂಟಲೇಖವೇ

ನಮ್ಮ ಸೀಮೆಯಲ್ಲಿ ಈಚಿನ ಕೆಲವು ವರ್ಷಗಳಿಂದ ಒಂದು ಹೊಸ ಸೇವೆ ಭರದಿಂದ ನಡೆದಿದೆ. ಅದಕ್ಕೆ ಜಾನಪದ ಸಂಗೀತದ ಸಂರಕ್ಷಣೆ ಎಂದು ಹೆಸರು. ಮದುವೆಯ ಮನೆಯಲ್ಲಿ ಹಿರಿಯ ಹೆಣ್ಣುಮಗಳೊಬ್ಬಳು ಸೋಬಾನದ ಪದ ಎತ್ತಿದಳೆಂದರೆ ಹತ್ತು ಕೈಗಳು ಮೊಬೈಲನ್ನು ಮೇಲಕ್ಕೆತ್ತುತ್ತವೆ. ಮರುದಿನ ಆ ಹಾಡು ವಾಟ್ಸಾಪಿನಲ್ಲಿ ಊರೂರು ಸುತ್ತುತ್ತದೆ. ತಿಂಗಳು ಕಳೆಯುವುದರೊಳಗೆ ಅದೇ ಹಾಡು ಕೀಬೋರ್ಡು, ತಬಲಾ, ಕೋರಸ್ಸುಗಳ ಸಹಿತ ಯೂಟ್ಯೂಬಿನಲ್ಲಿ ಪ್ರತ್ಯಕ್ಷವಾಗುತ್ತದೆ. ಅದರ ನೆತ್ತಿಯ ಮೇಲೆ ‘ಮೂಲ ಜಾನಪದ ಧಾಟಿ’ ಎಂಬ ಪಟ್ಟಿ ಇರುತ್ತದೆ. ಹಾಡಿದವಳ ಹೆಸರಿರುವುದಿಲ್ಲ, ಊರಿರುವುದಿಲ್ಲ, ಯಾವ ಸಂದರ್ಭದ ಹಾಡೆಂಬ ಸುಳಿವಿರುವುದಿಲ್ಲ. ಒಂಬತ್ತು ನುಡಿಗಳ ಹಾಡಿನಲ್ಲಿ ಎರಡೇ ನುಡಿ ಉಳಿದಿರುತ್ತವೆ. ಅವಳ ಬಾಯಿಯ ಮಾತುಗಳು ಪಠ್ಯಪುಸ್ತಕದ ಮಾತುಗಳಾಗಿ ಮಾರ್ಪಟ್ಟಿರುತ್ತವೆ. ಇಷ್ಟಾದರೂ ಇದು ಸಂರಕ್ಷಣೆ!

ಈ ಲೇಖನದಲ್ಲಿ ನಾನು ಪ್ರತಿಪಾದಿಸಬಯಸುವ ವಿಷಯ ಒಂದೇ. ಹಾಡನ್ನು ಬದಲಾಯಿಸುವ ಸ್ವಾತಂತ್ರ್ಯ ಹಾಡುವವರಿಗೆ ಎಂದಿನಿಂದಲೂ ಇದೆ. ಅದನ್ನು ಬರೆದುಕೊಳ್ಳುವವರಿಗೂ, ಮುದ್ರಿಸಿಕೊಳ್ಳುವವರಿಗೂ, ಹಂಚುವವರಿಗೂ ಆ ಸ್ವಾತಂತ್ರ್ಯವಿಲ್ಲ. ಅವರು ಸಾಕ್ಷಿಗಳು. ಸಾಕ್ಷಿಯು ಕೇಳಿದ್ದನ್ನು ಕೇಳಿದಂತೆ ಹೇಳಬೇಕು. ತಾನು ಏನನ್ನಾದರೂ ಕೂಡಿಸಿದ್ದರೆ ಅಥವಾ ಕಳೆದಿದ್ದರೆ ಅದನ್ನು ಬಾಯಿಬಿಟ್ಟು ಒಪ್ಪಿಸಬೇಕು. ಒಪ್ಪಿಸದೆ ತಿದ್ದಿದ ಧಾಟಿಯು, ಉದ್ದೇಶ ಎಷ್ಟೇ ಒಳ್ಳೆಯದಿರಲಿ, ಸುಳ್ಳು ದಸ್ತಾವೇಜು.

ಈ ಮಾತನ್ನು ನಮ್ಮ ಜಿಲ್ಲೆಯವರಿಗೆ ಹೇಳಲು ವಿಶೇಷ ಕಾರಣವಿದೆ. ಕನ್ನಡದಲ್ಲಿ ಜನಪದ ಹಾಡುಗಳ ಸಂಗ್ರಹಕ್ಕೆ ಗೌರವದ ಸ್ಥಾನ ತಂದುಕೊಟ್ಟವರಲ್ಲಿ ಅಗ್ರಗಣ್ಯರು ನಮ್ಮವರೇ. ಆಗಿನ ಇಂಡಿ ತಾಲೂಕಿಗೆ ಸೇರಿದ್ದ ಹಲಸಂಗಿಯ ಗೆಳೆಯರು, ಅಂದರೆ ಮಧುರಚೆನ್ನ, ಸಿಂಪಿ ಲಿಂಗಣ್ಣ, ಪಿ. ಧೂಲಾಸಾಹೇಬ, ಕಾಪಸೆ ರೇವಪ್ಪ ಇವರು, ಅಕ್ಷರ ಬಾರದ ತಾಯಂದಿರ ಬಾಯಿಂದ ಹಾಡುಗಳನ್ನು ಬರೆದುಕೊಂಡರು. 1931ರಲ್ಲಿ ‘ಗರತಿಯ ಹಾಡು’, 1933ರಲ್ಲಿ ‘ಜೀವನ ಸಂಗೀತ’, 1935ರಲ್ಲಿ ‘ಮಲ್ಲಿಗೆ ದಂಡೆ’ ಹೊರಬಂದವು. ಬೀಸುಕಲ್ಲಿನ ಮುಂದೆ ಹುಟ್ಟಿದ ಪದಗಳು ಪಂಡಿತರ ಮೇಜಿನ ಮೇಲೆ ಬಂದು ಕುಳಿತವು. ಸೀಸದ ಕಡ್ಡಿ ಮತ್ತು ಕಾಗದ ಇವೆರಡರ ಹೊರತು ಅವರ ಕೈಯಲ್ಲಿ ಬೇರೆ ಸಾಧನವಿರಲಿಲ್ಲ. ಆ ಸಾಧನದಿಂದ ಹಿಡಿಯಲು ಸಾಧ್ಯವಿದ್ದುದು ಮಾತು. ಅದನ್ನು ಅವರು ಹಿಡಿದಿಟ್ಟರು. ಧಾಟಿ ಮಾತ್ರ ಹಾಡುವವರ ಕೊರಳಲ್ಲಿಯೇ ಉಳಿಯಿತು.

ಆ ಕೊರಳುಗಳು ಈಗ ಎಷ್ಟಿವೆ? ಹಿಟ್ಟಿನ ಗಿರಣಿ ಬಂದ ಮೇಲೆ ಬೀಸುವ ಪದಕ್ಕೆ ಕೆಲಸ ತಪ್ಪಿತು. ರಾಶಿಯ ಯಂತ್ರ ಬಂದ ಮೇಲೆ ಮೇಟಿಯ ಸುತ್ತ ಹಂತಿಯ ಎತ್ತುಗಳು ತಿರುಗುವುದು ನಿಂತಿತು. ಅದರೊಂದಿಗೆ ಹಂತಿಯ ಪದವೂ ಕಣವನ್ನು ಬಿಟ್ಟಿತು. ಭೀಮೆಯ ದಂಡೆಯಿಂದ ಕೃಷ್ಣೆಯ ದಂಡೆಯವರೆಗೆ, ಇಂಡಿ, ಸಿಂದಗಿ, ದೇವರ ಹಿಪ್ಪರಗಿ, ಬಸವನ ಬಾಗೇವಾಡಿ, ಮುದ್ದೇಬಿಹಾಳಗಳ ಹಳ್ಳಿಗಳಲ್ಲಿ, ಕೈಯಲ್ಲಿ ಗೂಟ ಹಿಡಿದು ಬೀಸುತ್ತ ಹಾಡಿದವರು ಇಂದು ಮುಪ್ಪಿನ ಕೊನೆಯ ಮೆಟ್ಟಿಲಿನಲ್ಲಿದ್ದಾರೆ. ಅವರ ಸೊಸೆಯಂದಿರಿಗೆ ಹಾಡು ಗೊತ್ತು, ಕೆಲಸದ ಲಯ ಗೊತ್ತಿಲ್ಲ. ಮೊಮ್ಮಕ್ಕಳಿಗೆ ಮೊಬೈಲಿನಲ್ಲಿ ಬಂದುದಷ್ಟೇ ಗೊತ್ತು. ಆದುದರಿಂದ ಇಂದು ನಾವು ಮುದ್ರಿಸಿಕೊಳ್ಳುವ ಪ್ರತಿಯೇ ನಾಳೆ ಮೂಲವೆನಿಸಲಿದೆ. ಹೋಲಿಸಿ ನೋಡಲು ಬೇರೆ ಪ್ರತಿ ಇರುವುದಿಲ್ಲ. ಈ ಒಂದು ಕಾರಣಕ್ಕಾಗಿಯೇ ನಮ್ಮ ಪೀಳಿಗೆಯ ಅಲಕ್ಷ್ಯವು ಹಿಂದಿನವರ ಅಲಕ್ಷ್ಯಕ್ಕಿಂತ ಭಾರವಾದುದು.

‘ಸ್ವಲ್ಪ ತಿದ್ದಿದರೆ ಏನಾಯಿತು?’ ಎಂದು ಕೇಳುವವರಿದ್ದಾರೆ. ಏನಾಗುತ್ತದೆ ಎಂಬುದನ್ನು ಲೆಕ್ಕ ಹಾಕಿಯೇ ನೋಡೋಣ.

ನಮ್ಮ ಹೆಣ್ಣುಮಕ್ಕಳ ಹಾಡುಗಳಲ್ಲಿ ಬಹುಪಾಲು ತ್ರಿಪದಿಗಳು. ತ್ರಿಪದಿ ಕನ್ನಡದ ಅತ್ಯಂತ ಹಳೆಯ ಮಟ್ಟುಗಳಲ್ಲೊಂದು. ಸುಮಾರು 700ನೆಯ ಇಸವಿಯದೆಂದು ಹೇಳಲಾಗುವ ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿಯೇ ಅದಿದೆ. ಮೂರು ಸಾಲಿಗೆ ಹನ್ನೊಂದು ಗಣಗಳು. ಆರನೆಯದೂ ಹತ್ತನೆಯದೂ ಬ್ರಹ್ಮಗಣ, ಮಿಕ್ಕವು ವಿಷ್ಣುಗಣ. ಕಾಗದದ ಮೇಲೆ ಇದು ಮೂರು ಸಾಲು. ಹಾಡುವಾಗ ಎರಡನೆಯ ಸಾಲು ಮರಳಿ ಬಂದು ನಾಲ್ಕು ಸಾಲಿನ ಹರವು ಪಡೆಯುತ್ತದೆ. ಈ ಮರಳುವಿಕೆ ವ್ಯರ್ಥವಲ್ಲ. ಹಾಡುವವಳಿಗೆ ಉಸಿರು ತಿರುಗಿಸಿಕೊಳ್ಳಲು, ಮುಂದಿನ ಸಾಲನ್ನು ನೆನೆಯಲು, ಜೊತೆಗಾತಿಗೆ ಸೊಲ್ಲು ಎತ್ತಿಕೊಳ್ಳಲು ದೊರೆಯುವ ಎಡೆ ಅದು. ಧ್ವನಿಮುದ್ರಣದ ಕೋಣೆಯಲ್ಲಿ ಕುಳಿತವರು ‘ಒಂದೇ ಸಾಲು ಎರಡು ಸಲ ಬಂದಿದೆ’ ಎಂದು ಅದನ್ನು ಕತ್ತರಿಸಿ ಒಗೆಯುತ್ತಾರೆ. ಅಲ್ಲಿಗೆ ತ್ರಿಪದಿಯ ಹಾಡುಗಾರಿಕೆಯ ಬೆನ್ನುಮೂಳೆ ಮುರಿಯಿತು.

ಇನ್ನು ಮಾತಿನ ತಿದ್ದುಪಡಿ. ನಮ್ಮ ಕಡೆಯವರು ‘ಹೋಗ್ಯಾನ’ ಎನ್ನುತ್ತಾರೆ. ಬರೆದುಕೊಳ್ಳುವ ವಿದ್ಯಾವಂತ ಅದನ್ನು ‘ಹೋಗಿದ್ದಾನೆ’ ಎಂದು ಶುದ್ಧಗೊಳಿಸುತ್ತಾನೆ. ಮಾತ್ರೆ ಎಣಿಸಿರಿ. ‘ಹೋಗ್ಯಾನ’ದಲ್ಲಿ ಎರಡು, ಎರಡು, ಒಂದು, ಒಟ್ಟು ಐದು. ‘ಹೋಗಿದ್ದಾನೆ’ಯಲ್ಲಿ ಎರಡು, ಎರಡು, ಎರಡು, ಒಂದು, ಒಟ್ಟು ಏಳು. ‘ಬಂದಾಳ’ ಐದು ಮಾತ್ರೆ, ‘ಬಂದಿದ್ದಾಳೆ’ ಏಳು. ಐದು ಸೇರು ಹಿಡಿಯುವ ಪಾತ್ರೆಯಲ್ಲಿ ಏಳು ಸೇರು ತುಂಬಿದರೆ ಎರಡು ಸೇರು ನೆಲಕ್ಕೆ ಚೆಲ್ಲಲೇಬೇಕು. ಅಂಶಗಣದ ಛಂದಸ್ಸು ಹಿಗ್ಗುವ, ಕುಗ್ಗುವ ಸೌಲಭ್ಯ ಕೊಟ್ಟಿರುವುದು ನಿಜ. ಆ ಸೌಲಭ್ಯ ಹಾಡುವ ಬಾಯಿಗೆ ಸೇರಿದ್ದು. ಯಾವ ಅಕ್ಷರವನ್ನು ಎಳೆಯಬೇಕು, ಯಾವುದನ್ನು ನುಂಗಬೇಕು ಎಂಬುದು ಆ ಬಾಯಿಗೆ ಗೊತ್ತು. ತಿದ್ದಿದ ಪಠ್ಯವನ್ನು ಹಿಡಿದು ಹಾಡಹೊರಟ ಶಾಲೆಯ ಬಾಲಕಿಗೆ ಅದು ಗೊತ್ತಿಲ್ಲ. ಅವಳು ಅವಸರದಿಂದ ಅಕ್ಷರಗಳನ್ನು ತುರುಕುತ್ತಾಳೆ, ಧಾಟಿ ಓಡತೊಡಗುತ್ತದೆ. ಮಾತನ್ನು ಶುದ್ಧ ಮಾಡಲು ಹೋಗಿ ಧಾಟಿಯನ್ನು ಕೆಡಿಸಿದ ಕೀರ್ತಿ ನಮಗೆ ಬರುತ್ತದೆ.

ಸ್ವರದ ವಿಷಯವೂ ಹೀಗೆಯೇ. ಹಾರ್ಮೋನಿಯಮ್ಮಿನಲ್ಲಾಗಲಿ ಕೀಬೋರ್ಡಿನಲ್ಲಾಗಲಿ ಒಂದು ಸಪ್ತಕಕ್ಕೆ ಹನ್ನೆರಡು ಮನೆಗಳು. ಬೀಸುವ ಪದವನ್ನು ಹಾಡುವವಳ ಗಾಂಧಾರವು ಕೆಲವೊಮ್ಮೆ ಕೋಮಲಕ್ಕೂ ಶುದ್ಧಕ್ಕೂ ನಡುವೆ ನಿಲ್ಲುತ್ತದೆ. ಅವಳು ಬೇಸೂರಾಗಿದ್ದಾಳೆಂದು ಬಗೆದು, ಸ್ವರ ಸರಿಪಡಿಸುವ ಯಂತ್ರದಿಂದ ಅದನ್ನು ಹತ್ತಿರದ ಮನೆಗೆ ದಬ್ಬುತ್ತಾರೆ. ಬಳಿಕ ಇನ್ನೊಬ್ಬರು ಆ ತಿದ್ದಿದ ಮುದ್ರಿಕೆಯನ್ನು ಕೇಳಿ ಭಾತಖಂಡೆ ಲಿಪಿಯಲ್ಲಿ ಸ್ವರ ಬರೆದು, ಇದು ಪೀಲೂ, ಇದು ಭೈರವಿ ಎಂದು ರಾಗದ ಹೆಸರನ್ನೂ ಅಂಟಿಸುತ್ತಾರೆ. ರಾಗದ ಹೆಸರು ಬಿದ್ದೊಡನೆ ಆ ರಾಗದ ಸಂಚಾರಗಳೂ ಒಳಹೊಗುತ್ತವೆ. ನಾಲ್ಕೈದು ಸ್ವರಗಳಲ್ಲಿ ಅಡ್ಡಾಡುತ್ತಿದ್ದ ಹಾಡಿಗೆ ತಾರಸಪ್ತಕದ ಆಲಾಪ ಬರುತ್ತದೆ. ಬೀಸುಕಲ್ಲಿನ ಸುತ್ತಿಗೆ ಹೊಂದಿಕೊಂಡಿದ್ದ ನಡೆಗೆ ಕೆಹರವಾ ತಾಳದ ಹೊಡೆತ ಬೀಳುತ್ತದೆ. ಪ್ರತಿಯೊಬ್ಬರೂ ಸ್ವಲ್ಪವೇ ತಿದ್ದಿದರು. ಕೊನೆಗೆ ಮೂಲದ ಒಂದು ಎಳೆಯೂ ಉಳಿಯಲಿಲ್ಲ.

ನಾನು ಕಂಡುದನ್ನೇ ಒಂದು ಉದಾಹರಣೆಯಾಗಿ ಹೇಳುತ್ತೇನೆ. ನಮ್ಮ ಭಾಗದ ಒಂದು ಹಳ್ಳಿಯಲ್ಲಿ ಎಂಬತ್ತು ದಾಟಿದ ಅಜ್ಜಿಯೊಬ್ಬರು ತೊಟ್ಟಿಲ ಕಾರ್ಯದಲ್ಲಿ ಜೋಗುಳ ಹಾಡಿದರು. ನೆಂಟರ ಹುಡುಗನೊಬ್ಬ ಅದನ್ನು ಮೊಬೈಲಿನಲ್ಲಿ ಹಿಡಿದು ಹಲವರಿಗೆ ಕಳುಹಿಸಿದ. ಅರ್ಧ ವರ್ಷದ ತರುವಾಯ ಅದೇ ಜೋಗುಳ ವಾದ್ಯಮೇಳದೊಂದಿಗೆ ಹೊರಬಂದಿತು. ಹಾಡಿದವರು ಬೇರೆ, ಸಂಗೀತ ಸಂಯೋಜಕರೆಂದು ಹೆಸರು ಹಾಕಿಕೊಂಡವರು ಬೇರೆ. ಅಜ್ಜಿಯ ಊರಿನ ಪ್ರಸ್ತಾಪವೂ ಇರಲಿಲ್ಲ. ಕೂಸನ್ನು ಮಲಗಿಸಲೆಂದು ಇಳಿಮುಖವಾಗಿ ಮುಗಿಯುತ್ತಿದ್ದ ಸಾಲನ್ನು ಚಪ್ಪಾಳೆ ಬೀಳಲೆಂದು ಏರುಮುಖವಾಗಿ ಮುಗಿಸಿದ್ದರು. ಇದಕ್ಕಿಂತ ದುಃಖಕರವಾದುದು ಮುಂದಿನ ಸಂಗತಿ. ಆ ಅಜ್ಜಿಯ ಮೊಮ್ಮಗಳೇ ಮೊಬೈಲಿನ ಹಾಡನ್ನು ಕಲಿತು, ‘ಅಮ್ಮಾ, ನೀ ಹಾಡೂದು ತಪ್ಪೈತಿ’ ಎಂದು ಅಜ್ಜಿಯನ್ನೇ ತಿದ್ದತೊಡಗಿದಳು. ಅಜ್ಜಿ ಹಾಡುವುದನ್ನು ಬಿಟ್ಟರು. ನಕಲು ಪ್ರತಿಯು ಮೂಲವನ್ನು ಮನೆಯಿಂದ ಹೊರಹಾಕುವ ಬಗೆ ಇದು.

ಈಗ ಪ್ರತಿವಾದಿಗಳ ಮಾತನ್ನು ಪರಿಶೀಲಿಸೋಣ.

ಮೊದಲನೆಯ ವಾದ ಹೀಗಿದೆ: ‘ಜನಪದ ಹಾಡು ಹರಿಯುವ ನೀರು. ಅದು ಬಾಯಿಂದ ಬಾಯಿಗೆ ಬದಲಾಗುತ್ತಲೇ ಬಂದಿದೆ. ಅದಕ್ಕೆ ಕರ್ತೃವಿಲ್ಲ, ನಿಶ್ಚಿತ ಪಾಠವಿಲ್ಲ. ಇಲ್ಲದ ಮೂಲಕ್ಕೆ ನಿಷ್ಠೆ ಹೇಗೆ?’ ಕೇಳಲು ಈ ವಾದ ಸೊಗಸಾಗಿದೆ. ಆದರೆ ಇದರಲ್ಲಿ ಎರಡು ಕೆಲಸಗಳನ್ನು ಒಂದೇ ಎಂದು ಭ್ರಮಿಸಲಾಗಿದೆ. ಸಿಂದಗಿಯ ಕಡೆಯ ಹೆಣ್ಣುಮಗಳು ಬಾಗೇವಾಡಿಯ ಕಡೆಗೆ ಸೊಸೆಯಾಗಿ ಹೋಗಿ, ಅಲ್ಲಿಯ ಧಾಟಿಗೆ ತನ್ನ ಪದವನ್ನು ಹೊಂದಿಸಿ ಹಾಡಿದರೆ ಅದು ಹಾಡಿನ ಬದುಕು. ಅವಳು ಆ ಸಂಪ್ರದಾಯದ ವಾರಸುದಾರಳು. ಅವಳು ಬದಲಿಸಿದರೆ ಅದೂ ಸಂಪ್ರದಾಯವೇ. ಬರೆದುಕೊಳ್ಳಲು ಹೋದವನು ವಾರಸುದಾರನಲ್ಲ. ‘ಇಂಥ ದಿನ, ಇಂಥ ಊರಿನಲ್ಲಿ, ಇಂಥವರು ಹೀಗೆ ಹಾಡಿದರು’ ಎಂಬ ಒಂದು ಘಟನೆಯನ್ನು ಅವನು ದಾಖಲಿಸುತ್ತಾನೆ. ಹಾಡಿಗೆ ನಿಶ್ಚಿತ ಪಾಠವಿಲ್ಲದಿರಬಹುದು. ಆ ದಿನ ಹಾಡಿದ ಹಾಡಿಗೆ ನಿಶ್ಚಿತ ರೂಪವಿದೆ. ಪೇಟೆಯ ಧಾರಣೆ ದಿನದಿನಕ್ಕೆ ಬದಲಾಗುತ್ತದೆಂದು ಇಂದಿನ ಕೀರ್ದಿಯಲ್ಲಿ ಮನಬಂದ ಧಾರಣೆಯನ್ನು ಬರೆಯಲಾದೀತೆ? ಬದಲಾಗುತ್ತದೆಂಬ ಕಾರಣಕ್ಕಾಗಿಯೇ ತಾರೀಖು ಹಾಕಿ ಬರೆಯುತ್ತೇವೆ. ಊರಿಂದ ಊರಿಗೆ ಧಾಟಿ ಹೇಗೆ ಬದಲಾಯಿತೆಂಬ ಇತಿಹಾಸವನ್ನು ನಾಳೆ ಯಾರಾದರೂ ತಿಳಿಯಬಯಸಿದರೆ, ನಿಷ್ಠೆಯಿಂದ ಬರೆದ ಬೇರೆ ಬೇರೆ ಪ್ರತಿಗಳಿದ್ದರಷ್ಟೇ ಅದು ಸಾಧ್ಯ. ಎಲ್ಲ ಧಾಟಿಗಳನ್ನೂ ಒಂದೇ ಅಚ್ಚಿಗೆ ಹೊಯ್ದವರು ಹರಿಯುವ ನೀರಿನ ಮಾತನಾಡುವುದು ವಿಚಿತ್ರ.

ವಚನಗಳ ವಿಷಯದಲ್ಲಿ ನಾವು ಈ ಎಚ್ಚರವನ್ನು ಎಂದೋ ಕಲಿತಿದ್ದೇವೆ. ವಿಜಯಪುರದಲ್ಲಿ ಫ.ಗು. ಹಳಕಟ್ಟಿಯವರು ಓಲೆಗರಿಗಳನ್ನು ಕೂಡಿಹಾಕಿ 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಪ್ರಕಟಿಸಿದರು. ಮುಂದೆ ಸಿಂದಗಿ ತಾಲೂಕಿನ ಯರಗಲ್ಲ ಮೂಲದ ಎಂ.ಎಂ. ಕಲಬುರ್ಗಿಯವರಂಥ ವಿದ್ವಾಂಸರು ಪ್ರತಿಗಳನ್ನು ಹೋಲಿಸಿ ಪಾಠಗಳನ್ನು ನಿರ್ಣಯಿಸುವ ಶಾಸ್ತ್ರವನ್ನು ಬೆಳೆಸಿದರು. ಶಾಸನದಲ್ಲಿ ಅಕ್ಷರ ಅಳಿಸಿದ್ದರೆ ಓದಿದವರು ‘ತ್ರುಟಿತ’ ಎಂದು ಗುರುತು ಹಾಕುತ್ತಾರೆ. ತಮ್ಮ ಕಲ್ಪನೆಯಿಂದ ಅಕ್ಷರ ಕೆತ್ತುವುದಿಲ್ಲ. ದೇವರ ಹಿಪ್ಪರಗಿಯಲ್ಲಿ ಹುಟ್ಟಿದ ಮಡಿವಾಳ ಮಾಚಿದೇವನ ವಚನದಲ್ಲಿ ಒಂದು ಅಕ್ಷರ ವ್ಯತ್ಯಾಸವಾದರೆ ವಿದ್ವಾಂಸರು ಚರ್ಚಿಸುತ್ತಾರೆ. ಅದೇ ಊರ ಜಾತ್ರೆಯಲ್ಲಿ ಹಾಡುವ ಡೊಳ್ಳಿನ ಪದದ ಧಾಟಿಯನ್ನು ತಲೆಕೆಳಗು ಮಾಡಿದರೆ ಯಾರೂ ಕೇಳುವುದಿಲ್ಲ. ಓಲೆಗೆ ಇರುವ ಮರ್ಯಾದೆ ಕೊರಳಿಗೆ ಏಕಿಲ್ಲ?

ಎರಡನೆಯ ವಾದ: ‘ಹಾಗೆಯೇ ಕೊಟ್ಟರೆ ಹೊಸಬರು ಕೇಳುವುದಿಲ್ಲ. ವಾದ್ಯ ಸೇರಿಸಿ, ಚಿಕ್ಕದು ಮಾಡಿ ಕೊಟ್ಟರೆ ಹಾಡು ಬದುಕುತ್ತದೆ.’ ಸೇರಿಸಲಿ, ಬೇಡವೆಂದವರಾರು? ಹಂಗೇರಿಯ ಬೇಲಾ ಬಾರ್ತೋಕ್ ಮತ್ತು ಜೋಲ್ತಾನ್ ಕೊದಾಯ್ ಎಂಬ ಇಬ್ಬರು ಸಂಗೀತಗಾರರು ತಮ್ಮ ನಾಡಿನ ರೈತರ ಹಾಡುಗಳನ್ನು ಸಂಗ್ರಹಿಸಿದ ರೀತಿ ಇಲ್ಲಿ ನಮಗೆ ಪಾಠವಾಗತಕ್ಕದ್ದು. 1906ರಲ್ಲಿ ಅವರು ಪಿಯಾನೋದ ಜೊತೆ ಸೇರಿಸಿದ ಇಪ್ಪತ್ತು ಹಾಡುಗಳನ್ನು ಪಟ್ಟಣದ ಜನರಿಗಾಗಿ ಪ್ರಕಟಿಸಿದರು. ಅದೇ ಬಾರ್ತೋಕ್ ಹಳ್ಳಿಹಳ್ಳಿ ತಿರುಗಿ ಮೇಣದ ಸಿಲಿಂಡರುಗಳ ಮೇಲೆ ಫೋನೋಗ್ರಾಫಿನಿಂದ ಹಾಡು ಹಿಡಿದು, ಮತ್ತೆ ಮತ್ತೆ ಕೇಳಿ ಸ್ವರ ಬರೆದ. 1924ರಲ್ಲಿ ಹಂಗೇರಿಯ ಜನಪದ ಹಾಡುಗಳನ್ನು ಕುರಿತ ಶಾಸ್ತ್ರಗ್ರಂಥವನ್ನು ಬೇರೆಯಾಗಿ ಹೊರತಂದ. ಸ್ವರವು ಲಿಪಿಯ ಮನೆಗಿಂತ ತುಸು ಮೇಲೋ ಕೆಳಗೋ ಇದ್ದಲ್ಲಿ ಬಾಣದ ಗುರುತು ಹಾಕಿ ತೋರಿಸಿದ. ಹತ್ತಿರದ ಮನೆಗೆ ದಬ್ಬಲಿಲ್ಲ. ಕಲೆಗಾರನಾಗಿ ಹಾಡನ್ನು ಅಲಂಕರಿಸಿದವನೂ ಅವನೇ, ಸಾಕ್ಷಿಯಾಗಿ ಇದ್ದಂತೆ ಬರೆದವನೂ ಅವನೇ. ಆದರೆ ಎರಡಕ್ಕೂ ಬೇರೆ ಬೇರೆ ಖಾತೆ ಇಟ್ಟ. ನಮ್ಮವರು ಮಾಡುತ್ತಿರುವುದು ಎರಡು ಖಾತೆಗಳನ್ನು ಕಲಸಿ ಒಂದು ಮಾಡುವ ಕೆಲಸ.

ಕನ್ನಡದಲ್ಲಿಯೂ ಪ್ರಾಮಾಣಿಕ ರೂಪಾಂತರಕ್ಕೆ ಉದಾಹರಣೆಗಳಿವೆ. ಶಿಶುನಾಳ ಶರೀಫರ ಪದಗಳಿಗೆ ಸಿ. ಅಶ್ವಥ್ ಹೊಸ ಧಾಟಿಗಳನ್ನು ಹೊಂದಿಸಿದರು. 1990ರ ‘ಸಂತ ಶಿಶುನಾಳ ಶರೀಫ’ ಚಿತ್ರದಿಂದ ಅವು ಮನೆಮನೆಗೆ ಮುಟ್ಟಿದವು. ಸಂಗೀತ ತಮ್ಮದೆಂದು ಅವರು ಹೆಸರು ಹಾಕಿಕೊಂಡೇ ಕೊಟ್ಟರು, ಅದರಲ್ಲಿ ವಂಚನೆಯಿಲ್ಲ. 1997ರ ‘ನಾಗಮಂಡಲ’ ಚಿತ್ರದ ಹಾಡುಗಳನ್ನು ಬರೆದವರು ಗೋಪಾಲ ವಾಜಪೇಯಿ, ಸಂಗೀತ ಅಶ್ವಥ್ ಅವರದೇ. ಈಗ ನೋಡಿರಿ, ಆ ಧಾಟಿಗಳನ್ನು ‘ಶರೀಫರ ಕಾಲದ ಮೂಲ ಧಾಟಿ’ ಎಂದೂ, ಆ ಗೀತೆಗಳನ್ನು ‘ಉತ್ತರ ಕರ್ನಾಟಕದ ಪ್ರಾಚೀನ ಜಾನಪದ’ ಎಂದೂ ಹಂಚುವವರಿದ್ದಾರೆ. ಇದರಿಂದ ಎರಡು ಕಡೆ ಅನ್ಯಾಯವಾಗುತ್ತದೆ. ದುಡಿದ ಕವಿ, ಸಂಗೀತಗಾರರ ಹೆಸರು ಅಳಿಯುತ್ತದೆ. ಅತ್ತ ಹಳ್ಳಿಗಳ ಭಜನಾ ಮಂಡಳಿಗಳು ತಲೆಮಾರುಗಳಿಂದ ಹಾಡುತ್ತ ಬಂದ ಧಾಟಿಗಳು ‘ತಪ್ಪು’ ಎನಿಸಿಕೊಳ್ಳುತ್ತವೆ. ಒಂದು ಸುಳ್ಳು ಚೀಟಿಯಿಂದ ಎರಡು ಸತ್ಯಗಳಿಗೆ ಹಾನಿ.

ವ್ಯಾಪಾರಸ್ಥರಾದ ನಮಗೆ ಇದು ಅರ್ಥವಾಗದ ವಿಷಯವಲ್ಲ. ಅಡತಿ ಅಂಗಡಿಯಲ್ಲಿ ಹಳೆಯ ತೊಗರಿ ಮಾರುವುದು ಅಪರಾಧವಲ್ಲ, ಹೊಸ ತೊಗರಿ ಮಾರುವುದೂ ಅಪರಾಧವಲ್ಲ. ಹಳೆಯದನ್ನು ಬೆರಸಿ ಹೊಸದೆಂದು ಚೀಟಿ ಕಟ್ಟುವುದು ಅಪರಾಧ. ಲೆಕ್ಕದ ಪುಸ್ತಕದಲ್ಲಿ ತಪ್ಪು ಬರೆದರೆ ಕೆರೆದು ಅಳಿಸುವಂತಿಲ್ಲ. ಹಳೆಯ ಅಂಕೆ ಓದಲು ಬರುವಂತೆ ಒಂದು ಗೆರೆ ಎಳೆದು, ಮೇಲೆ ಸರಿಯಾದುದನ್ನು ಬರೆದು, ಸಹಿ ಹಾಕಬೇಕು. ಗುಮಾಸ್ತನಿಗೆ ನಾವು ಕಲಿಸುವ ಈ ಮೊದಲ ಪಾಠವನ್ನು ಹಾಡಿನ ವಿಷಯದಲ್ಲಿ ಮರೆಯುವುದೇಕೆ?

ನಮ್ಮ ಆಚಾರಗ್ರಂಥಗಳು ಈ ದೋಷಕ್ಕೆ ಹೆಸರುಗಳನ್ನೇ ಇಟ್ಟಿವೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಸತ್ಯಾಣುವ್ರತದ ಐದು ಅತಿಚಾರಗಳನ್ನು ಹೇಳುವಾಗ ಕೂಟಲೇಖಕ್ರಿಯೆಯನ್ನೂ ನ್ಯಾಸಾಪಹಾರವನ್ನೂ ಎಣಿಸಿದೆ. ಒಬ್ಬರು ಹೇಳದೇ ಇದ್ದುದನ್ನು ಹೇಳಿದರೆಂದು ಬರೆಯುವುದು ಕೂಟಲೇಖ. ನಂಬಿ ಇಟ್ಟ ಒತ್ತೆಯನ್ನು ಕಡಿಮೆ ಮಾಡಿ ಹಿಂದಿರುಗಿಸುವುದು ನ್ಯಾಸಾಪಹಾರ. ಒಂಬತ್ತು ನುಡಿ ಹಾಡಿದ ಅಜ್ಜಿಯ ಹೆಸರಿನಲ್ಲಿ ಎರಡು ನುಡಿಗಳನ್ನು ಹಂಚುವುದು ಒತ್ತೆಯನ್ನು ಕಡಿಮೆ ಮಾಡಿದಂತಲ್ಲವೆ? ಅಚೌರ್ಯದ ಅತಿಚಾರಗಳಲ್ಲಿ ಪ್ರತಿರೂಪಕ ವ್ಯವಹಾರ ಬರುತ್ತದೆ. ಅಸಲಿನಂತೆ ತೋರುವ ನಕಲನ್ನು ಚಲಾಯಿಸುವುದು ಅದು. ಜ್ಞಾನಾಚಾರದ ಎಂಟು ಅಂಗಗಳಲ್ಲಿ ಅಕ್ಷರದ ಶುದ್ಧಿ, ಅರ್ಥದ ಶುದ್ಧಿ, ಎರಡರ ಶುದ್ಧಿ ಇವುಗಳ ಜೊತೆಗೇ ಅನಿಹ್ನವವನ್ನೂ ಇರಿಸಿದ್ದಾರೆ. ಕಲಿಸಿದವರ ಹೆಸರನ್ನು ಮರೆಮಾಚದಿರುವುದು ಎಂದರ್ಥ. ಇವುಗಳನ್ನು ಶಾಸ್ತ್ರಕ್ಕೆ ಮಾತ್ರ ಅನ್ವಯಿಸಿ, ಓದುಬರಹ ಬಾರದ ತಾಯಿಯ ಹಾಡಿಗೆ ಅನ್ವಯಿಸುವುದಿಲ್ಲವೆಂದರೆ ನಮ್ಮ ಸತ್ಯವ್ರತವು ಅಕ್ಷರಸ್ಥರಿಗಷ್ಟೇ ಮೀಸಲಾಯಿತು.

ಪ್ರತಿ ಮಾಡುವುದನ್ನು ಪುಣ್ಯಕಾರ್ಯವೆಂದು ಎಣಿಸಿದ ಪರಂಪರೆ ನಮ್ಮದು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದ ಅತ್ತಿಮಬ್ಬೆಯನ್ನು ಇಂದಿಗೂ ಸ್ಮರಿಸುತ್ತೇವೆ. ಹಂಚುವುದು ಪುಣ್ಯವಾದರೆ ಸರಿಯಾದುದನ್ನು ಹಂಚುವುದು ಆ ಪುಣ್ಯದ ನಿಬಂಧನೆ. ಧವಲಾ ಗ್ರಂಥದ ಮುದ್ರಣ 1939ರಲ್ಲಿ ಆರಂಭವಾದಾಗ ಸಂಪಾದಕರ ಕೈಯಲ್ಲಿದ್ದುದು ಕೈಬರಹದ ನಕಲುಗಳು. ಮುಂದೆ ಮೂಡುಬಿದಿರೆಯ ತಾಡವಾಲೆಗಳೊಡನೆ ಹೋಲಿಸಿದಾಗ ಕಂಡ ಪಾಠಭೇದಗಳನ್ನು ಮುಚ್ಚಿಡದೆ ಮುದ್ರಿಸಿದರು. ತಾಡವಾಲೆ ಉಳಿದಿತ್ತು, ಆದುದರಿಂದ ತಿದ್ದಿಕೊಳ್ಳಲು ಸಾಧ್ಯವಾಯಿತು. ಹಾಡಿಗೆ ತಾಡವಾಲೆಯಿಲ್ಲ. ತಿದ್ದದೆ ಉಳಿಸಿದ ಧ್ವನಿಮುದ್ರಿಕೆಯೇ ಅದರ ತಾಡವಾಲೆ. ಅದನ್ನು ಅಳಿಸಿ, ಅಲಂಕರಿಸಿದ ಪ್ರತಿಯನ್ನು ಮಾತ್ರ ಉಳಿಸಿಕೊಂಡರೆ ಮುಂದಿನವರು ಯಾವುದರೊಡನೆ ಹೋಲಿಸಬೇಕು? ಇಂದು ಕೃತಕ ಬುದ್ಧಿಮತ್ತೆಯ ಯಂತ್ರಗಳು ಕ್ಷಣಮಾತ್ರದಲ್ಲಿ ‘ಜಾನಪದ ಶೈಲಿ’ಯ ಹಾಡುಗಳನ್ನು ಹೆಣೆಯುತ್ತಿರುವಾಗ, ಯಾವುದು ಮನುಷ್ಯರ ಬಾಯಿಂದ ಬಂದದ್ದೆಂದು ತೋರಿಸುವ ಸಾಕ್ಷ್ಯದ ಬೆಲೆ ಇನ್ನಷ್ಟು ಹೆಚ್ಚಿದೆ.

ಧರ್ಮದ ಮಾತು ಸಾಲದೆನ್ನುವವರಿಗೆ ಕಾನೂನಿನ ಮಾತೂ ಇದೆ. 1957ರ ಕೃತಿಸ್ವಾಮ್ಯ ಅಧಿನಿಯಮಕ್ಕೆ 1994ರಲ್ಲಿ ಆದ ತಿದ್ದುಪಡಿಯು ಹಾಡುವವರಿಗೆ, ನಟಿಸುವವರಿಗೆ ಪ್ರದರ್ಶಕರ ಹಕ್ಕುಗಳನ್ನು ಕೊಟ್ಟಿತು. 2012ರಲ್ಲಿ ಸೇರಿಸಿದ 38ಬಿ ಕಲಮಿನ ಪ್ರಕಾರ, ತನ್ನ ಪ್ರದರ್ಶನಕ್ಕೆ ತನ್ನ ಹೆಸರು ಇರಬೇಕೆಂದು ಕೇಳುವ ಹಕ್ಕು ಪ್ರದರ್ಶಕರಿಗಿದೆ. ತಮ್ಮ ಕೀರ್ತಿಗೆ ಕುಂದು ತರುವಂತೆ ಅದನ್ನು ವಿರೂಪಗೊಳಿಸಿದರೆ ತಡೆಯುವ ಹಕ್ಕೂ ಇದೆ. ಹಾಡು ಎಲ್ಲರದಿರಬಹುದು, ಆ ದಿನದ ಹಾಡುಗಾರಿಕೆ ಆ ಅಜ್ಜಿಯದು. ಆಕೆ ನ್ಯಾಯಾಲಯದ ಮೆಟ್ಟಿಲು ಹತ್ತುವುದಿಲ್ಲ ಎಂಬ ಧೈರ್ಯದ ಮೇಲೆ ನಮ್ಮ ಸಂರಕ್ಷಣೆ ನಿಂತಿದ್ದರೆ ಅದು ಲಜ್ಜಾಸ್ಪದ.

ಈಗ ಬಸದಿಗಳ ವಿಶ್ವಸ್ತ ಮಂಡಳಿಗಳಿಗೂ ಶ್ರಾವಕ ಕುಟುಂಬಗಳಿಗೂ ನನ್ನ ವಿನಂತಿ. ಪಂಚಕಲ್ಯಾಣದ ಜನ್ಮಕಲ್ಯಾಣದಲ್ಲಿ ತೊಟ್ಟಿಲು ತೂಗುವಾಗ ನಮ್ಮ ಅಜ್ಜಿಯರು ಹಾಡುತ್ತಿದ್ದ ಜೋಗುಳಗಳ ಜಾಗದಲ್ಲಿ ಚಲನಚಿತ್ರದ ಧಾಟಿಗೆ ಹೊಂದಿಸಿದ ಭಜನೆಗಳು ಧ್ವನಿವರ್ಧಕದಿಂದ ಕೇಳಿಬರುವುದನ್ನು ನಾವೆಲ್ಲ ಬಲ್ಲೆವು. ಮಂಟಪಕ್ಕೂ ಶಾಮಿಯಾನಕ್ಕೂ ಮಾಡುವ ವೆಚ್ಚದ ಒಂದು ಸಣ್ಣ ಪಾಲಿನಲ್ಲಿ ಊರಿನ ಹಿರಿಯ ಹಾಡುಗಾರ್ತಿಯರ ಎಲ್ಲ ಹಾಡುಗಳನ್ನು ಮುದ್ರಿಸಿಡಬಹುದು. ಅದಕ್ಕೆ ಸಂಗೀತಶಾಸ್ತ್ರದ ಪಾಂಡಿತ್ಯ ಬೇಡ. ಲೆಕ್ಕ ಬರೆಯುವವನ ಶಿಸ್ತು ಇದ್ದರೆ ಸಾಕು.

ಹಾಡುವವರ ಒಪ್ಪಿಗೆ ಮೊದಲು ಪಡೆಯಬೇಕು. ಎಲ್ಲಿಗೆ ಕಳುಹಿಸುತ್ತೇವೆಂಬುದನ್ನು ತಿಳಿಸಿ ಹೇಳಬೇಕು. ಹಾಡನ್ನು ಮೊದಲಿನಿಂದ ಕೊನೆಯವರೆಗೆ, ನಡುವಿನ ಕೆಮ್ಮು, ಮರೆವು, ಮಾತುಗಳ ಸಹಿತ ಮುದ್ರಿಸಿ, ಆ ಪ್ರತಿಯನ್ನು ಎಂದೂ ತಿದ್ದದೆ ಎರಡು ಕಡೆ ಇಡಬೇಕು. ಹಾಡಿದವರು, ಊರು, ತಾರೀಖು, ಯಾರಿಂದ ಕಲಿತರು, ಯಾವ ಕೆಲಸಕ್ಕೆ ಅಥವಾ ಶಾಸ್ತ್ರಕ್ಕೆ ಹಾಡುತ್ತಾರೆ, ಮುದ್ರಿಸಿಕೊಂಡವರು ಯಾರು, ಈ ಆರು ಸಂಗತಿಗಳನ್ನು ಮುದ್ರಿಕೆಯ ಆರಂಭದಲ್ಲಿಯೇ ಬಾಯಿಂದ ಹೇಳಿಸಬೇಕು. ಬರೆದ ಚೀಟಿ ಕಳೆದರೂ ಧ್ವನಿ ಉಳಿಯುತ್ತದೆ. ಮಾತನ್ನು ಬರೆಯುವಾಗ ನಮ್ಮ ಸೀಮೆಯ ಉಚ್ಚಾರವನ್ನೇ ಬರೆದು, ಅರ್ಥವನ್ನು ಬೇಕಾದರೆ ಕೆಳಗೆ ಕೊಡಬೇಕು. ಕೇಳಿಸದ ಕಡೆ ‘ಕೇಳಿಸಲಿಲ್ಲ’ ಎಂದೇ ಬರೆಯಬೇಕು. ಸ್ವರಲಿಪಿ ಬರೆಯುವವರು ಸ್ವರ ಎರಡು ಮನೆಗಳ ನಡುವೆ ಇದ್ದರೆ ಹಾಗೆಂದು ಗುರುತಿಸಬೇಕು. ಬರೆದ ಬಳಿಕ ಅದನ್ನು ಹಾಡಿದವರ ಮುಂದೆಯೇ ಹಾಡಿ ತೋರಿಸಿ, ‘ಹಿಂಗ ಐತೇನ್ರಿ ಅಮ್ಮಾ?’ ಎಂದು ಕೇಳಬೇಕು. ಇದಕ್ಕಿಂತ ದೊಡ್ಡ ಪರೀಕ್ಷಾ ಮಂಡಳಿ ಜಗತ್ತಿನಲ್ಲಿಲ್ಲ. ವಾದ್ಯ ಸೇರಿಸಿ ಹೊಸ ರೂಪ ಕೊಟ್ಟರೆ ಅದಕ್ಕೆ ‘ಇಂಥವರು ಹಾಡಿದುದನ್ನು ಆಧರಿಸಿ ಇಂಥವರು ಹೊಂದಿಸಿದ್ದು’ ಎಂದು ಹೆಸರಿಡಬೇಕು. ಅದರಿಂದ ಹಣ ಬಂದರೆ ಹಾಡಿದವರಿಗೆ ಪಾಲು ಸಲ್ಲಬೇಕು.

ಹೀಗೆ ಕೂಡಿಟ್ಟುದನ್ನು ನಮ್ಮ ಕಪಾಟಿನಲ್ಲಷ್ಟೇ ಇಡದೆ ಯೋಗ್ಯ ಸಂಸ್ಥೆಗಳಿಗೂ ಒಪ್ಪಿಸಬಹುದು. ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ 2011ರಿಂದ ಜಾನಪದ ವಿಶ್ವವಿದ್ಯಾಲಯವಿದೆ. ದಿಲ್ಲಿಯ ಸಮೀಪದ ಗುರುಗ್ರಾಮದಲ್ಲಿ, 1982ರಲ್ಲಿ ಸ್ಥಾಪಿತವಾದ ಜನಾಂಗೀಯ ಸಂಗೀತದ ದಾಖಲಾಗಾರವಿದೆ. ಡಚ್ ವಿದ್ವಾಂಸ ಆರ್ನಾಲ್ಡ್ ಬಾಕೆ 1938ರ ಸುಮಾರಿಗೆ ದಕ್ಷಿಣ ಭಾರತದಲ್ಲಿ ಮಾಡಿದ ಮುದ್ರಿಕೆಗಳನ್ನು ಹಿಡಿದುಕೊಂಡು, 1984ರಲ್ಲಿ ನಾಜಿರ್ ಜೈರಾಜಭಾಯಿಯವರು ಕರ್ನಾಟಕವೂ ಸೇರಿದಂತೆ ಅದೇ ಪ್ರದೇಶಗಳಿಗೆ ಮತ್ತೆ ಹೋಗಿ ಏನು ಉಳಿದಿದೆ, ಏನು ಬದಲಾಗಿದೆ ಎಂದು ಪರಿಶೀಲಿಸಿದರು. ನಾಲ್ಕೂವರೆ ದಶಕಗಳ ನಂತರ ಹೋಲಿಕೆ ಸಾಧ್ಯವಾದದ್ದು ಮೊದಲಿನವನು ಊರು, ಕಾಲಗಳನ್ನು ಬರೆದಿಟ್ಟಿದ್ದ ಕಾರಣಕ್ಕೆ. ನಾವು ಇಂದು ಹಂಚುತ್ತಿರುವ ಹೆಸರಿಲ್ಲದ ಅರ್ಧ ನಿಮಿಷದ ತುಣುಕುಗಳನ್ನು ಹಿಡಿದು ನಾಲ್ಕು ದಶಕಗಳ ನಂತರ ಯಾರು ಎಲ್ಲಿಗೆ ಹೋಗಬೇಕು?

ಈ ನಿಯಮಗಳು ಕಠಿಣವೆಂದು ಕೆಲವರು ಹೇಳಬಹುದು. ಐದು ರೂಪಾಯಿಯ ವೆಚ್ಚಕ್ಕೂ ಪಾವತಿ ಕೇಳುವ ಮಂಡಳಿಗಳು ನಮ್ಮವು. ವಾರ್ಷಿಕ ಲೆಕ್ಕದಲ್ಲಿ ಒಂದು ರೂಪಾಯಿ ಕೂಡದಿದ್ದರೆ ರಾತ್ರಿಯಿಡೀ ಕುಳಿತು ಹುಡುಕುತ್ತೇವೆ. ನೂರಾರು ವರ್ಷಗಳ ಧಾಟಿಯೊಂದು ನಮ್ಮ ಕೈಯಿಂದ ದಾಟಿಹೋಗುವಾಗ ಪಾವತಿ ಬೇಡವೆ? ಪಾವತಿಯಿಲ್ಲದ ಹಾಡು ನಿಮ್ಮ ಮೊಬೈಲಿಗೆ ಬಂದರೆ ಮುಂದಕ್ಕೆ ಕಳುಹಿಸಬೇಡಿರಿ; ಕಳುಹಿಸಿದವರನ್ನು ‘ಹಾಡಿದವರು ಯಾರು?’ ಎಂದು ಕೇಳಿರಿ. ನಿಮ್ಮ ಬಸದಿಯ ಮುಂದಿನ ಸಭೆಯಲ್ಲಿ ಈ ವಿಷಯವನ್ನು ಚರ್ಚೆಗೆ ಇಡಿರಿ. ಆ ಸಭೆಗೂ ಮೊದಲೇ, ನಿಮ್ಮ ಮನೆಯ ಅಜ್ಜಿಗೆ ಬರುವ ಹಾಡುಗಳ ಪಟ್ಟಿಯನ್ನು ಒಂದು ಹಾಳೆಯ ಮೇಲೆ ಬರೆದು, ತಾರೀಖು ಹಾಕಿ ಇಡಿರಿ.